ಕೌಂಟರಿನ ಹಿಂದಿನ ಪೈಪೋಟಿ

2018ರ ಆಗಸ್ಟ್ 11 ಎರಡನೇ ಶನಿವಾರ, ಬ್ಯಾಂಕುಗಳಿಗೆ ರಜೆ. ಪುಣೆಯ ಕಾಸ್ಮೋಸ್ ಸಹಕಾರಿ ಬ್ಯಾಂಕಿಗೂ ರಜೆಯೇ. ಅಂದು ಮಧ್ಯಾಹ್ನದಿಂದ ರಾತ್ರಿಯೊಳಗೆ 28 ದೇಶಗಳ ಎಟಿಎಂಗಳ ಮುಂದೆ ಯಾರ್‍ಯಾರೋ ಬಂದು ನಿಂತರು. ಕಾಸ್ಮೋಸ್ ಗ್ರಾಹಕರ ವೀಸಾ ಕಾರ್ಡುಗಳ ನಕಲುಗಳನ್ನು ಯಂತ್ರಕ್ಕೆ ತೂರಿಸಿ ನೋಟು ಎಣಿಸಿಕೊಂಡು ಹೋದರು. ಸುಮಾರು 12 ಸಾವಿರ ವಹಿವಾಟುಗಳಲ್ಲಿ 78 ಕೋಟಿ ರೂಪಾಯಿ. ಅದೇ ಹೊತ್ತಿಗೆ ಕೊಲ್ಹಾಪುರ, ಮುಂಬೈ, ಇಂದೋರ್ ಮುಂತಾದ ಕಡೆ ರುಪೇ ಕಾರ್ಡುಗಳ ನಕಲಿನಿಂದ ಇನ್ನೊಂದು ಎರಡೂವರೆ ಕೋಟಿ. ಸೋಮವಾರ ಬ್ಯಾಂಕು ಬಾಗಿಲು ತೆರೆದ ಮೇಲೂ ಕತೆ ಮುಗಿದಿರಲಿಲ್ಲ. ದೇಶದಿಂದ ದೇಶಕ್ಕೆ ಹಣ ಕಳಿಸುವ ಸ್ವಿಫ್ಟ್ ವ್ಯವಸ್ಥೆಯಲ್ಲಿ ಸುಳ್ಳು ಆದೇಶಗಳು ಹೊರಟು, 13.92 ಕೋಟಿ ರೂಪಾಯಿ ಹಾಂಗ್‌ಕಾಂಗಿನ ಒಂದು ಕಂಪನಿಯ ಖಾತೆಗೆ ಹೋಗಿ ಬಿತ್ತು. ಒಟ್ಟು ಲೆಕ್ಕ 94.42 ಕೋಟಿ.

ಇದು ನಡೆದದ್ದು ಹೇಗೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಾವು ಎಟಿಎಂಗೆ ಕಾರ್ಡು ಹಾಕಿದಾಗ ಆ ಯಂತ್ರ ತಾನಾಗಿ ಹಣ ಕೊಡುವುದಿಲ್ಲ. ಕೋರಿಕೆಯು ವೀಸಾ ಅಥವಾ ರುಪೇ ಜಾಲದ ಮೂಲಕ ನಮ್ಮ ಬ್ಯಾಂಕಿನ ‘ಸ್ವಿಚ್’ ಎಂಬ ಕಂಪ್ಯೂಟರಿಗೆ ಬರುತ್ತದೆ. ಸ್ವಿಚ್ ಒಳಗಿನ ಮೂಲ ಲೆಕ್ಕವನ್ನು ಕೇಳುತ್ತದೆ: ಈ ಖಾತೆ ಇದೆಯೇ, ಪಿನ್ ಸರಿಯೇ, ಹಣ ಉಂಟೇ? ಒಳಗಿನಿಂದ ‘ಉಂಟು’ ಎಂದರೆ ಮಾತ್ರ ಹೊರಗೆ ನೋಟು ಬೀಳುತ್ತದೆ. ಕಳ್ಳರು ಮಾಡಿದ್ದು ಇಷ್ಟೇ. ಬ್ಯಾಂಕಿನ ಜಾಲದೊಳಕ್ಕೆ ಕುತಂತ್ರಾಂಶ ನುಗ್ಗಿಸಿ, ಅಸಲಿ ಸ್ವಿಚ್ಚಿನ ಪಕ್ಕದಲ್ಲಿ ತಮ್ಮದೊಂದು ನಕಲಿ ಸ್ವಿಚ್ ಕೂರಿಸಿದರು. ಯಜಮಾನನ ಕಿವಿಗೆ ಹಾಕದೆ ಬಾಗಿಲಲ್ಲೇ ನಿಂತು ‘ಹೂಂ, ತಗೊಂಡು ಹೋಗಿ’ ಎನ್ನುವ ಕಳ್ಳ ಪಾರುಪತ್ಯಗಾರನ ಹಾಗೆ ಅದು ಬಂದ ಕೋರಿಕೆಗಳಿಗೆಲ್ಲ ಒಪ್ಪಿಗೆ ಕೊಟ್ಟಿತು. ಗ್ರಾಹಕರ ಖಾತೆಯಲ್ಲಿ ಒಂದು ಪೈಸೆಯೂ ಕಡಿಮೆಯಾಗಲಿಲ್ಲ, ಏಕೆಂದರೆ ಆ ಖಾತೆಗಳನ್ನು ಯಾರೂ ಕೇಳಿಯೇ ಇರಲಿಲ್ಲ. ಹೋದದ್ದು ಬ್ಯಾಂಕಿನ ಸ್ವಂತ ಹಣ.

2023ರ ಏಪ್ರಿಲ್‌ನಲ್ಲಿ ಪುಣೆಯ ನ್ಯಾಯಾಲಯ 11 ಮಂದಿಗೆ ಶಿಕ್ಷೆ ವಿಧಿಸಿತು. ಸಿಕ್ಕಿಬಿದ್ದವರು ನಮ್ಮ ಊರುಗಳಲ್ಲಿ ಎಟಿಎಂ ಮುಂದೆ ನಿಂತು ನೋಟು ಎಳೆದ ಕೂಲಿಗಳ ಮಟ್ಟದವರು. ತಲೆ ಓಡಿಸಿದವರು ಯಾರು? ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ಉತ್ತರ ಕೊರಿಯಾ ಮೇಲಿನ ನಿರ್ಬಂಧಗಳ ಬಗ್ಗೆ ವರದಿ ಕೊಡುವ ತಜ್ಞರ ಸಮಿತಿ, 2019ರಲ್ಲಿ ಕಾಸ್ಮೋಸ್ ಪ್ರಕರಣವನ್ನು ಆ ದೇಶದ ಸೈಬರ್ ಕೃತ್ಯಗಳ ಸಾಲಿಗೆ ಸೇರಿಸಿತು. ಕಾಸ್ಮೋಸ್ ದಾಳಿಗೆ ಎರಡೂವರೆ ವರ್ಷ ಮೊದಲು, 2016ರ ಫೆಬ್ರುವರಿಯಲ್ಲಿ, ಬಾಂಗ್ಲಾದೇಶದ ಕೇಂದ್ರ ಬ್ಯಾಂಕಿನಿಂದ 8.1 ಕೋಟಿ ಡಾಲರ್ ಕದ್ದವರೂ ಅದೇ ಬಳಗ ಎಂಬ ಆರೋಪವಿದೆ. ಅಂದರೆ ಸದಸ್ಯರ ಷೇರು ಹಣದಿಂದ ಕಟ್ಟಿದ ಒಂದು ಪುಣೇಕರ ಸಹಕಾರಿ ಬ್ಯಾಂಕು ರಜೆಯ ದಿನ ಒಂದು ಸರ್ಕಾರದ ಬೆಂಬಲವಿದ್ದ ಪಡೆಯ ಎದುರಿಗೆ ನಿಂತಿತ್ತು.

ಬಡ ದೇಶಗಳ, ಬೆಳೆಯುತ್ತಿರುವ ದೇಶಗಳ ಬ್ಯಾಂಕುಗಳಿಗೆ ಜಾಗತೀಕರಣದಿಂದ ಏನು ಅಪಾಯ ಎಂದು ಬ್ಯಾಂಕಿಂಗ್ ಸುಧಾರಣೆಯ 1991ರ ನರಸಿಂಹಂ ಸಮಿತಿಯ ಕಾಲದಲ್ಲಿ ಚರ್ಚೆ ನಡೆದಾಗ ಎಲ್ಲರ ಕಣ್ಣಿಗೆ ಬಿದ್ದದ್ದು ವಿದೇಶಿ ಬ್ಯಾಂಕುಗಳ ಶಾಖೆ. ಹವಾನಿಯಂತ್ರಿತ ಕೊಠಡಿ, ಇಂಗ್ಲಿಷ್ ಮಾತಾಡುವ ಹುಡುಗಿ, ಕ್ರೆಡಿಟ್ ಕಾರ್ಡು. ಅವರು ಬಂದು ನಮ್ಮ ಗಿರಾಕಿಗಳನ್ನು ಎತ್ತಿಕೊಂಡು ಹೋಗುತ್ತಾರೆ ಎಂಬ ಭಯ. ಹಾಗೆ ಆಗಲಿಲ್ಲ. ಸಿಟಿಬ್ಯಾಂಕ್ ತನ್ನ ಚಿಲ್ಲರೆ ವ್ಯವಹಾರವನ್ನೆಲ್ಲ ಆಕ್ಸಿಸ್ ಬ್ಯಾಂಕಿಗೆ ಮಾರಿ 2023ರ ಮಾರ್ಚ್ 1ರಂದು ಕೈ ತೊಳೆದುಕೊಂಡಿತು. ಪುಣೆಯ ಲಕ್ಷ್ಮೀ ರಸ್ತೆಯಲ್ಲೋ ಡೆಕ್ಕನ್ ಜಿಮಖಾನಾದಲ್ಲೋ ಇವತ್ತು ನಿಂತು ನೋಡಿದರೆ ಕಾಣುವ ಬ್ಯಾಂಕುಗಳ ಹೆಸರೆಲ್ಲ ಹೆಚ್ಚುಕಡಿಮೆ ನಮ್ಮವೇ. ಗೆದ್ದೆವು ಎಂದುಕೊಳ್ಳುವ ಮೊದಲು ಒಂದಿಷ್ಟು ಪೂರ್ವಕ್ಕೆ, ಖರಾಡಿಯ ಕಡೆಗೆ ಹೋಗಬೇಕು.

ಖರಾಡಿ, ಯೆರವಡಾ, ಮಗರಪಟ್ಟಾ. ಈ ಮೂರು ಕಡೆಯ ಗಾಜಿನ ಕಟ್ಟಡಗಳಲ್ಲಿ ಬಾರ್ಕ್ಲೇಸ್, ಯುಬಿಎಸ್, ಡಾಯ್ಚ ಬ್ಯಾಂಕ್, ಎಚ್‌ಎಸ್‌ಬಿಸಿ, ಬಿಎನ್‌ವೈ ಕುಳಿತಿವೆ. ಅಲ್ಲಿ ಪಾಸ್‌ಬುಕ್ ಇಲ್ಲ, ಠೇವಣಿ ಇಲ್ಲ, ಗಿರಾಕಿಯೇ ಇಲ್ಲ. ಲಂಡನ್, ಜ್ಯೂರಿಕ್, ಫ್ರಾಂಕ್‌ಫರ್ಟ್, ನ್ಯೂಯಾರ್ಕಿನ ಲೆಕ್ಕಗಳು, ಅಪಾಯದ ಅಂದಾಜು, ಪಾವತಿ ತಂತ್ರಾಂಶ, ಸೈಬರ್ ಕಾವಲು ಎಲ್ಲ ಅಲ್ಲಿ ನಡೆಯುತ್ತದೆ. 2023ರ ಮಾರ್ಚ್‌ನಲ್ಲಿ ಸ್ವಿಟ್ಜರ್ಲೆಂಡಿನ ಕ್ರೆಡಿಟ್ ಸ್ವಿಸ್ ಕುಸಿದು ಯುಬಿಎಸ್ ಪಾಲಾದಾಗ ಪುಣೆಯಲ್ಲಿ ಸಾವಿರಾರು ಮನೆಗಳಲ್ಲಿ ಆತಂಕ ಹುಟ್ಟಿದ್ದು ಇದೇ ಕಾರಣಕ್ಕೆ. ವಿದೇಶಿ ಬ್ಯಾಂಕುಗಳಿಗೆ ನಮ್ಮ ಉಳಿತಾಯ ಖಾತೆ ಬೇಕಿರಲಿಲ್ಲ. ತಮ್ಮ ಲೆಕ್ಕ ನಡೆಸಬಲ್ಲ ನಮ್ಮ ಮಕ್ಕಳು ಬೇಕಿದ್ದರು.

ಸಹಕಾರಿ ಬ್ಯಾಂಕಿನ ತಾಂತ್ರಿಕ ವಿಭಾಗದಲ್ಲಿ ಎರಡು ಮೂರು ವರ್ಷ ಸರ್ವರ್ ನೋಡಿಕೊಂಡು ಕೈ ಪಳಗಿದ ಹುಡುಗನಿಗೆ ಅಲ್ಲಿಂದ ಕರೆ ಬಂದರೆ ಹಿಡಿದು ನಿಲ್ಲಿಸುವವರು ಯಾರು? ಪಟ್ಟಣ ಸಹಕಾರಿ ಬ್ಯಾಂಕಿನ ಆಡಳಿತ ಮಂಡಳಿಯಲ್ಲಿ ಕುಳಿತಿರುವ ವ್ಯಾಪಾರಸ್ಥರು, ವಕೀಲರು, ನಿವೃತ್ತ ಮೇಷ್ಟ್ರುಗಳು ಒಬ್ಬ ಇಪ್ಪತ್ತೆಂಟರ ಎಂಜಿನಿಯರಿಗೆ ತಮ್ಮ ಜನರಲ್ ಮ್ಯಾನೇಜರಿಗಿಂತ ಹೆಚ್ಚು ಸಂಬಳ ಕೊಡಲು ಒಪ್ಪುವುದಿಲ್ಲ. ಒಪ್ಪಿದರೂ ಕೊಡುವ ಶಕ್ತಿ ಇರುವುದಿಲ್ಲ. ಹೀಗಾಗಿ ಪರದೇಶದ ಹಣಕ್ಕೆ ಪಹರೆ ಕಾಯುವ ಪರಿಣತರು ತುಂಬಿರುವ ಊರಿನಲ್ಲೇ ಊರ ಬ್ಯಾಂಕಿನ ಸ್ವಿಚ್ ಕೈತಪ್ಪಿತು. ಬೆಂಗಳೂರಿನವರು ಇದನ್ನು ಓದಿ ಮೂಗೆಳೆಯಬೇಕಿಲ್ಲ. ಹೊರ ವರ್ತುಲ ರಸ್ತೆಯ ಎರಡೂ ಬದಿಗೆ ಅಂಥದೇ ಕಟ್ಟಡಗಳಿವೆ, ಬಸವನಗುಡಿ ಮಲ್ಲೇಶ್ವರದಲ್ಲಿ ಅಂಥದೇ ಸಹಕಾರಿ ಬ್ಯಾಂಕುಗಳಿವೆ.

ಕಾಸ್ಮೋಸ್ ಹುಟ್ಟಿದ್ದು 1906ರಲ್ಲಿ. ಕನ್ನಡಿಗರಿಗೆ ಆ ವರ್ಷ ಗುರುತಿರಬೇಕು. ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಕಾರ್ಪೊರೇಷನ್ ಬ್ಯಾಂಕಿಗೆ ಅಡಿಗಲ್ಲಿಟ್ಟದ್ದು, ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಮುಂದೆ ಕೆನರಾ ಬ್ಯಾಂಕ್ ಆಗಲಿದ್ದ ನಿಧಿಯನ್ನು ತೆರೆದದ್ದು ಕೂಡ ಅದೇ ವರ್ಷ. ಅದಕ್ಕೂ ಒಂದು ವರ್ಷ ಮುಂಚೆ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು 1904ರ ಕಾಯ್ದೆಯ ಅಡಿ ಸಹಕಾರ ಸಂಘ ಕಟ್ಟಿದ್ದರು. ಗದಗವೂ ಪುಣೆಯೂ ಆಗ ಒಂದೇ ಮುಂಬೈ ಪ್ರಾಂತ್ಯದಲ್ಲಿದ್ದವು. ಸ್ವದೇಶಿ ಚಳವಳಿಯ ಗಾಳಿ ಎಲ್ಲ ಕಡೆಯೂ ಬೀಸುತ್ತಿತ್ತು. ಇಂಗ್ಲಿಷರ ಬ್ಯಾಂಕುಗಳು ನಮ್ಮ ಸಣ್ಣ ವ್ಯಾಪಾರಿಗೆ ಸಾಲ ಕೊಡುವುದಿಲ್ಲ, ಸಾಹುಕಾರನ ಬಡ್ಡಿ ತಡೆಯಲಾಗುವುದಿಲ್ಲ, ಆದ್ದರಿಂದ ನಮ್ಮ ದುಡ್ಡು ನಾವೇ ಕೂಡಿಸೋಣ ಎಂಬ ಲೆಕ್ಕ. ಗುರುತು ಪರಿಚಯವೇ ಆ ಬ್ಯಾಂಕುಗಳ ಬಂಡವಾಳ. ಸಾಲ ಕೇಳಲು ಬಂದವನ ಅಂಗಡಿ ಎಲ್ಲಿದೆ, ಅವನ ಮಾವ ಯಾರು ಎಂದು ಮ್ಯಾನೇಜರನಿಗೆ ಗೊತ್ತಿರುತ್ತಿತ್ತು. ನೂರು ವರ್ಷ ಇದು ನಡೆಯಿತು.

ಈಗ ಆ ಪರಿಚಯದ ಬೆಲೆ ಇಳಿದಿದೆ. ಪುಣೆಯ ಪಕ್ಕದ ಭೋಸರಿಯಲ್ಲಿ ವಾಹನಗಳ ಬಿಡಿಭಾಗ ತಯಾರಿಸುವ ಒಂದು ಸಣ್ಣ ಘಟಕ ಇದೆ ಎಂದಿಟ್ಟುಕೊಳ್ಳಿ. ಮೊದಲ ಲೇತ್ ಯಂತ್ರಕ್ಕೆ ಸಾಲ ಕೊಟ್ಟದ್ದು ಪರಿಚಯದ ಸಹಕಾರಿ ಬ್ಯಾಂಕೇ. ಘಟಕ ಬೆಳೆದು ಜರ್ಮನಿಯಿಂದ ಆರ್ಡರ್ ಬಂದಾಗ ಯಜಮಾನನಿಗೆ ಬೇಕಾಗುವುದು ಬೇರೆ: ಎಲ್‌ಸಿ ಎಂಬ ಬ್ಯಾಂಕಿನ ಪಾವತಿ ಖಾತರಿ ಪತ್ರ, ಸರಕು ಹಡಗು ಹತ್ತುವ ಮುಂಚಿನ ರಫ್ತು ಸಾಲ, ಆರು ತಿಂಗಳ ಮೇಲೆ ಬರುವ ಯೂರೋಗೆ ಇವತ್ತೇ ದರ ಕಟ್ಟಿಸಿಕೊಳ್ಳುವ ಏರ್ಪಾಡು. ವಿದೇಶಿ ವಿನಿಮಯದ ಪೂರ್ಣ ಪರವಾನಗಿ ಇರುವ ಪಟ್ಟಣ ಸಹಕಾರಿ ಬ್ಯಾಂಕುಗಳು ಬೆರಳೆಣಿಕೆ. ಅವನು ಖಾತೆ ಎತ್ತಿಕೊಂಡು ದೊಡ್ಡ ಬ್ಯಾಂಕಿಗೆ ಹೋಗುತ್ತಾನೆ. ಅವನಿಗಿಂತ ದೊಡ್ಡವರು, ಪುಣೆಯ ಸುತ್ತಲಿನ ವಾಹನ ಕಾರ್ಖಾನೆಗಳಂಥವರು, ನಮ್ಮ ದೊಡ್ಡ ಬ್ಯಾಂಕನ್ನೂ ದಾಟಿ ಹೊರದೇಶದ ಮಾರುಕಟ್ಟೆಯಲ್ಲೇ ಸಾಲ ಎತ್ತಬಲ್ಲರು. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಒಳ್ಳೆಯ ಗಿರಾಕಿ ಮೇಲಕ್ಕೆ ಹೋಗುತ್ತಾನೆ. ಎಲ್ಲೂ ಸಾಲ ಹುಟ್ಟದವನು ಕೆಳಗೇ ಉಳಿಯುತ್ತಾನೆ. ಸಣ್ಣ ಬ್ಯಾಂಕಿನ ಸಾಲದ ಪಟ್ಟಿ ವರ್ಷದಿಂದ ವರ್ಷಕ್ಕೆ ಅಪಾಯದ ಕಡೆಗೆ ವಾಲುವುದಕ್ಕೆ ಮ್ಯಾನೇಜರನ ಅಸಡ್ಡೆ ಒಂದೇ ಕಾರಣವಲ್ಲ.

ಇನ್ನೊಂದು ತುದಿಯಲ್ಲಿ ಚಿಲ್ಲರೆ ಗಿರಾಕಿಯ ಮುಖವೂ ಬ್ಯಾಂಕಿನಿಂದ ದೂರವಾಗುತ್ತಿದೆ. ಯುಪಿಐ ನಮ್ಮದೇ ಸೃಷ್ಟಿ, ಅದರ ಬಗ್ಗೆ ಹೆಮ್ಮೆ ಪಡುವುದರಲ್ಲಿ ತಪ್ಪಿಲ್ಲ. 2024-25ರಲ್ಲಿ ಅದರಲ್ಲಿ 18,500 ಕೋಟಿಗೂ ಹೆಚ್ಚು ವಹಿವಾಟು, ಸುಮಾರು 261 ಲಕ್ಷ ಕೋಟಿ ರೂಪಾಯಿ ನಡೆಯಿತು. ಆದರೆ ಅದರಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ವಹಿವಾಟು ನಡೆಯುವುದು ಎರಡೇ ಆ್ಯಪ್‌ಗಳ ಮೂಲಕ. ಒಂದರ ಯಜಮಾನ ಅಮೆರಿಕದ ವಾಲ್‌ಮಾರ್ಟ್, ಇನ್ನೊಂದರದು ಗೂಗಲ್. ಯಾವ ಆ್ಯಪ್‌ಗೂ ಶೇ 30ಕ್ಕಿಂತ ಹೆಚ್ಚು ಪಾಲು ಇರಬಾರದೆಂಬ ನಿಯಮವನ್ನು ರಾಷ್ಟ್ರೀಯ ಪಾವತಿ ನಿಗಮ ಬರೆದಿಟ್ಟಿದೆ. ಜಾರಿಯ ಗಡುವನ್ನು ಮಾತ್ರ ಮುಂದಕ್ಕೆ ಹಾಕುತ್ತಲೇ ಬಂದಿದೆ. ಹಣ ಇರುವುದು ಬ್ಯಾಂಕಿನಲ್ಲಿ. ಸರ್ವರ್ ಖರ್ಚು ಬ್ಯಾಂಕಿನದು. ವಹಿವಾಟು ಸಿಕ್ಕಿಕೊಂಡರೆ ಬೈಗುಳವೂ ಬ್ಯಾಂಕಿಗೇ. 2020ರ ಜನವರಿಯಿಂದ ಈ ಪಾವತಿಗಳಿಗೆ ವ್ಯಾಪಾರಿಯಿಂದ ಶುಲ್ಕ ವಸೂಲಿ ಮಾಡುವಂತಿಲ್ಲ. ಗಿರಾಕಿ ಎಲ್ಲಿ ಏನು ಕೊಂಡ, ತಿಂಗಳಿಗೆ ಎಷ್ಟು ಖರ್ಚು ಮಾಡುತ್ತಾನೆ ಎಂಬ ತಿಳಿವಳಿಕೆ ಆ್ಯಪ್‌ನವರ ಕೈಗೆ. ಹಿಂದೆ ಮ್ಯಾನೇಜರನಿಗಿದ್ದ ಆ ಪರಿಚಯ ಈಗ ಅಲ್ಲಿಗೆ ಹೋಗಿ ಕುಳಿತಿದೆ.

ಹಾಗೆಂದು ಎಲ್ಲ ತಪ್ಪನ್ನೂ ಹೊರಗಿನವರ ತಲೆಗೆ ಕಟ್ಟುವುದು ನನಗೆ ಒಪ್ಪಿಗೆಯಿಲ್ಲ. ಪುಣೆಯದೇ ಇನ್ನೊಂದು ಹಳೆಯ ಸಂಸ್ಥೆ ರುಪೀ ಸಹಕಾರಿ ಬ್ಯಾಂಕ್, 1912ರದು. ಅದನ್ನು ಮುಳುಗಿಸಲು ಯಾವ ಕೊರಿಯಾದವರೂ ಬರಲಿಲ್ಲ. ಸಾಲಗಳು ಕೆಟ್ಟವು, ಆಡಳಿತ ಕೆಟ್ಟಿತು. 2013ರಲ್ಲಿ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿತು. ಬೇರೆ ಬ್ಯಾಂಕಿನ ಜತೆ ಸೇರಿಸುವ ಮಾತು ಎದ್ದು ಎದ್ದು ಬಿದ್ದುಹೋಯಿತು. ಕೊನೆಗೆ 2022ರ ಆಗಸ್ಟ್‌ನಲ್ಲಿ ಪರವಾನಗಿ ರದ್ದಾಯಿತು. ಅಷ್ಟೂ ವರ್ಷ ಠೇವಣಿದಾರರು, ಅದರಲ್ಲೂ ನಿವೃತ್ತಿಯ ಹಣ ಇಟ್ಟ ಮುದುಕರು, ತಮ್ಮದೇ ದುಡ್ಡಿಗೆ ಅರ್ಜಿ ಹಿಡಿದು ಅಲೆದರು. 2020ರಲ್ಲಿ ಬಸವನಗುಡಿಯ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮುಂದೆ ಸೇರಿದ ಜನರನ್ನು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಠೇವಣಿ ವಿಮೆ 1993ರಿಂದ ಒಂದು ಲಕ್ಷ ರೂಪಾಯಿಯಲ್ಲೇ ನಿಂತಿತ್ತು. ಇಂಥ ಗಲಾಟೆಗಳ ನಡುವೆ 2020ರ ಫೆಬ್ರುವರಿಯಲ್ಲಿ ಐದು ಲಕ್ಷಕ್ಕೆ ಏರಿತು. ನಿರ್ಬಂಧ ಬಿದ್ದ 90 ದಿನಗಳೊಳಗೆ ಆ ಹಣ ಕೊಡಬೇಕೆಂಬ ತಿದ್ದುಪಡಿ 2021ರಲ್ಲಿ ಬಂತು. ಇಪ್ಪತ್ತೇಳು ವರ್ಷ ಒಂದು ಲಕ್ಷದಲ್ಲಿ ನಿಲ್ಲಿಸಿದ್ದೇ ಒಂದು ಹಗರಣ ಅನ್ನಬೇಕು.

ಸಹಕಾರಿ ಬ್ಯಾಂಕಿನ ಬಂಡವಾಳದ ಕಟ್ಟುಪಾಡೇ ಬೇರೆ ಎಂಬುದನ್ನೂ ಮರೆಯಬಾರದು. ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ ಕುಳಿತು ಮಾಡಿದ ನಿಯಮದಂತೆ ನೂರು ರೂಪಾಯಿ ಅಪಾಯದ ಸಾಲಕ್ಕೆ ಕನಿಷ್ಠ ಎಂಟು ರೂಪಾಯಿ ಸ್ವಂತ ಬಂಡವಾಳ ಇರಬೇಕು. ನಮ್ಮ ರಿಸರ್ವ್ ಬ್ಯಾಂಕ್ ವಾಣಿಜ್ಯ ಬ್ಯಾಂಕುಗಳಿಗೆ ಅದನ್ನು ಒಂಬತ್ತು ಮಾಡಿದೆ. ಪಟ್ಟಣ ಸಹಕಾರಿ ಬ್ಯಾಂಕುಗಳಲ್ಲಿ ತೀರ ಸಣ್ಣವಕ್ಕೆ ಅದೇ ಒಂಬತ್ತು, ದೊಡ್ಡವಕ್ಕೆ ಹನ್ನೆರಡು. ಖಾಸಗಿ ಬ್ಯಾಂಕು ಪೇಟೆಯಲ್ಲಿ ಷೇರು ಮಾರಿ ಬಂಡವಾಳ ತರುತ್ತದೆ. ಸರ್ಕಾರಿ ಬ್ಯಾಂಕಿಗೆ ಸರ್ಕಾರ ತುಂಬಿಕೊಡುತ್ತದೆ. ಸಹಕಾರಿಯಲ್ಲಿ ಎಷ್ಟೇ ಷೇರಿದ್ದರೂ ಒಬ್ಬನಿಗೆ ಒಂದೇ ಮತ, ಬಿಟ್ಟು ಹೋಗುವಾಗ ಮುಖಬೆಲೆಯಷ್ಟೇ ವಾಪಸು. ಅದರಲ್ಲಿ ಹಣ ಹೂಡಿ ಹಿಗ್ಗಿಸಿಕೊಳ್ಳುವ ಆಸೆ ಯಾರಿಗೂ ಹುಟ್ಟುವುದಿಲ್ಲ. ಪ್ರಜಾಪ್ರಭುತ್ವದ ದೃಷ್ಟಿಯಿಂದ ಚಂದದ ನಿಯಮ. ಹೊಸ ಸರ್ವರ್ ಕೊಳ್ಳುವ ದಿನ ಬಂದಾಗ ಕಷ್ಟದ ನಿಯಮ.

ದೆಹಲಿಯೂ ರಿಸರ್ವ್ ಬ್ಯಾಂಕೂ ಇದಕ್ಕೆಲ್ಲ ಹುಡುಕಿರುವ ಮದ್ದು ವಿಲೀನ. ಸಣ್ಣದು ಬಾಳುವುದಿಲ್ಲ, ಕೂಡಿಸಿ ದೊಡ್ಡದು ಮಾಡಿ ಎಂಬ ನಂಬಿಕೆ. ಕನ್ನಡ ನಾಡು ಇದರ ಬಿಸಿಯನ್ನು ಎಲ್ಲರಿಗಿಂತ ಹೆಚ್ಚು ಉಂಡಿದೆ. 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕ್ ಬರೋಡಾದಲ್ಲಿ ಕರಗಿತು. ಮರುವರ್ಷ ಅದೇ ದಿನ ಸಿಂಡಿಕೇಟ್ ಕೆನರಾದಲ್ಲಿ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿನಲ್ಲಿ. ಪುಣೆಯ ಉಡುಪಿ ಹೋಟೆಲಿನವರ ಪೈಕಿ ತಮ್ಮ ಊರಿನ ಬ್ಯಾಂಕು ಎಂದು ಇವುಗಳಲ್ಲಿ ಖಾತೆ ಇಟ್ಟವರಿದ್ದರು; ಫಲಕ ಬದಲಾಯಿತು, ಐಎಫ್‌ಎಸ್‌ಸಿ ಬದಲಾಯಿತು, ಕೌಂಟರಿನಲ್ಲಿ ತುಳು ಕನ್ನಡ ಕೇಳಿಸುವುದು ಕಡಿಮೆಯಾಯಿತು. ಈ ವಿಲೀನಗಳಿಂದ ಲಾಭವಾಯಿತೇ ಎಂದರೆ ಲೆಕ್ಕದ ಹಾಳೆಯಲ್ಲಿ ಆಗಿದೆ.

ಆದರೆ ದೊಡ್ಡದಾಗದೆಯೂ ಸುಧಾರಿಸಬಹುದು ಎಂಬುದಕ್ಕೆ ಪುಣೆಯಲ್ಲೇ ಸಾಕ್ಷಿ ಇದೆ. ಶಿವಾಜಿನಗರದ ‘ಲೋಕಮಂಗಲ’ ಕಟ್ಟಡದಲ್ಲಿರುವ ಬ್ಯಾಂಕ್ ಆಫ್ ಮಹಾರಾಷ್ಟ್ರ 1935ರಲ್ಲಿ ನೋಂದಣಿಯಾಗಿ, 1969ರಲ್ಲಿ ರಾಷ್ಟ್ರೀಕರಣಗೊಂಡ ಬ್ಯಾಂಕು. 2018ರ ಮಾರ್ಚ್‌ನಲ್ಲಿ ಅದರ ನೂರು ರೂಪಾಯಿ ಸಾಲದಲ್ಲಿ 19 ರೂಪಾಯಿಗೂ ಹೆಚ್ಚು ವಸೂಲಾಗದೆ ನಿಂತ ಎನ್‌ಪಿಎ. ಅದಕ್ಕೆ ಮುಂಚೆಯೇ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿ ಅದರ ಕೈಕಾಲು ಕಟ್ಟಿ ಕೂರಿಸಿತ್ತು. 2019ರ ಜನವರಿ ಕೊನೆಗೆ ಆ ಕಟ್ಟು ಬಿಚ್ಚಿತು. ವಿಲೀನಗಳ ಸುಗ್ಗಿಯಲ್ಲಿ ಯಾರೂ ಇದನ್ನು ಮುಟ್ಟಲಿಲ್ಲ. 2025ರ ಮಾರ್ಚ್ ಹೊತ್ತಿಗೆ ಅದೇ ಪ್ರಮಾಣ ಎರಡು ರೂಪಾಯಿಗಿಂತ ಕೆಳಗೆ. ಸರ್ಕಾರ ಬಂಡವಾಳ ತುಂಬಿದ್ದು, ವಸೂಲಾಗದ ಸಾಲಗಳನ್ನು ಪುಸ್ತಕದಿಂದ ತೆಗೆದುಹಾಕಿದ್ದು ಇದರಲ್ಲಿ ಸೇರಿದೆ, ನಿಜ. ಆದರೂ ಗಾತ್ರವೇ ಗುಣ ಎನ್ನುವವರು ಈ ಬ್ಯಾಂಕಿನ ಕಡೆ ಒಮ್ಮೆ ನೋಡಲಿ.

ಕಾಸ್ಮೋಸ್ ಕತೆಯೂ ಕುತೂಹಲದ್ದು. ಪೆಟ್ಟು ತಿಂದ ಮೇಲೆ ಅದು ಕುಗ್ಗಲಿಲ್ಲ, ತೊಂದರೆಗೆ ಸಿಕ್ಕ ಸಣ್ಣ ಬ್ಯಾಂಕುಗಳನ್ನು ಒಂದೊಂದಾಗಿ ತನ್ನೊಳಗೆ ಸೇರಿಸಿಕೊಳ್ಳುತ್ತಾ ಹೋಯಿತು. 2023ರ ಜುಲೈನಲ್ಲಿ ರಿಸರ್ವ್ ಬ್ಯಾಂಕಿನ ನಿರ್ಬಂಧಕ್ಕೆ ಸಿಕ್ಕಿದ್ದ ಬೆಂಗಳೂರಿನ ನ್ಯಾಷನಲ್ ಕೋ-ಆಪರೇಟಿವ್ ಬ್ಯಾಂಕ್ 2025ರ ಜನವರಿ 6ರಿಂದ ಕಾಸ್ಮೋಸ್‌ನ ಭಾಗ.

ದಕ್ಷಿಣ ಮಹಾರಾಷ್ಟ್ರದ ಊರ ಬ್ಯಾಂಕುಗಳ ಹಾದಿ ಇನ್ನೂ ದೂರ ಹೋಗಿದೆ. ಸಾತಾರದ ಯುನೈಟೆಡ್ ವೆಸ್ಟರ್ನ್ 2006ರಲ್ಲಿ ಐಡಿಬಿಐ ಪಾಲಾಯಿತು, ಸಾಂಗ್ಲಿ ಬ್ಯಾಂಕ್ ಮರುವರ್ಷ ಐಸಿಐಸಿಐ ಪಾಲಾಯಿತು. ಉಳಿದದ್ದು 1943ರಲ್ಲಿ ಕೊಲ್ಹಾಪುರದಲ್ಲಿ ಹುಟ್ಟಿದ ರತ್ನಾಕರ ಬ್ಯಾಂಕ್. ಬೆಳಗಾವಿ, ನಿಪ್ಪಾಣಿಯ ವ್ಯಾಪಾರಿಗಳಿಗೂ ಪರಿಚಯದ ಹೆಸರು. ಅದು ಆರ್‌ಬಿಎಲ್ ಆಗಿ ಮುಂಬೈ ಸೇರಿತು. 2025ರ ಅಕ್ಟೋಬರ್‌ನಲ್ಲಿ ದುಬೈನ ಎಮಿರೇಟ್ಸ್ ಎನ್‌ಬಿಡಿ ಬ್ಯಾಂಕ್ ಸುಮಾರು 26,850 ಕೋಟಿ ರೂಪಾಯಿ ಹೂಡಿ ಅದರಲ್ಲಿ ಶೇ 60ರಷ್ಟು ಪಾಲು ಪಡೆಯುವ ಒಪ್ಪಂದ ಪ್ರಕಟಿಸಿತು. ಖಾಸಗಿ ಬ್ಯಾಂಕಿನಲ್ಲಿ ವಿದೇಶಿ ಪಾಲು ಶೇ 74ರವರೆಗೆ ಇರಬಹುದೆಂಬ ನಿಯಮ ಬಹುಕಾಲದಿಂದ ಇದೆ. ಅದನ್ನು ನಿಜವಾಗಿ ಬಳಸುವ ಧೈರ್ಯ ಈಗ ಬಂದಿದೆ. ಇದರಲ್ಲಿ ನನಗೆ ದೊಡ್ಡ ಆಕ್ಷೇಪವೇನಿಲ್ಲ. ಸತ್ತಂತೆ ಬದುಕುವುದಕ್ಕಿಂತ ಯಾರದೋ ಬಂಡವಾಳದಿಂದ ಗಟ್ಟಿಯಾಗುವುದು ಠೇವಣಿದಾರನಿಗೆ ಒಳ್ಳೆಯದು. ಸಾಲದ ನಿರ್ಧಾರ ಕೊಲ್ಹಾಪುರದ ಬೆಲ್ಲದ ವ್ಯಾಪಾರಿಯನ್ನು ನೋಡಿ ಆಗುತ್ತದೋ ದುಬೈನ ಕೋಷ್ಟಕ ನೋಡಿ ಆಗುತ್ತದೋ ಎಂಬುದಷ್ಟೇ ಪ್ರಶ್ನೆ.

ಇಷ್ಟೆಲ್ಲ ನೋಡಿದ ಮೇಲೆ ನನಗನ್ನಿಸುವುದು: ಸಣ್ಣ ಬ್ಯಾಂಕುಗಳನ್ನು ಒಂದು ಮಾಡುವುದಕ್ಕಿಂತ ಅವುಗಳ ಹಿಂದಿನ ಯಂತ್ರಶಾಲೆಯನ್ನು ಒಂದು ಮಾಡುವುದು ಮೇಲು. ಸಾಲ ಕೊಡುವ ವಿವೇಕ ಊರಲ್ಲಿರಲಿ, ಸ್ವಿಚ್ ಕಾಯುವ ಕೆಲಸ ಒಟ್ಟಿಗೆ ನಡೆಯಲಿ. ಈ ದಿಕ್ಕಿನಲ್ಲಿ ಒಂದು ಹೆಜ್ಜೆ ಬಿದ್ದಿದೆ. ಪಟ್ಟಣ ಸಹಕಾರಿ ಬ್ಯಾಂಕುಗಳಿಗಾಗಿ ಎನ್‌ಯುಸಿಎಫ್‌ಡಿಸಿ ಎಂಬ ಮಾತೃಸಂಸ್ಥೆ 2024ರ ಮಾರ್ಚ್‌ನಲ್ಲಿ ಶುರುವಾಯಿತು. ಸದಸ್ಯ ಬ್ಯಾಂಕುಗಳಿಗೆ ತಂತ್ರಜ್ಞಾನ, ಬಂಡವಾಳದ ನೆರವು ಕೊಡುವುದು ಅದರ ಉದ್ದೇಶ. ಒಟ್ಟಿಗೆ ನಡೆಸುವುದರಲ್ಲಿ ಬೇರೆಯದೇ ಗಂಡಾಂತರವಿದೆ ಎಂಬುದೂ ಅದೇ ವರ್ಷ ಗೊತ್ತಾಯಿತು. ಸಣ್ಣ ಬ್ಯಾಂಕುಗಳಿಗೆ ಸೇವೆ ಕೊಡುವ ಸಿ-ಎಡ್ಜ್ ಎಂಬ ಕಂಪನಿಯ ವ್ಯವಸ್ಥೆಗೆ ಜುಲೈ ಕೊನೆಗೆ ಒತ್ತೆಹಣ ಕೇಳುವ ಕುತಂತ್ರಾಂಶ ಬಡಿದು, ಸೋಂಕು ಹರಡದಂತೆ ಪಾವತಿ ನಿಗಮ ಅದನ್ನು ಜಾಲದಿಂದ ಕತ್ತರಿಸಿದಾಗ ಸುಮಾರು 300 ಬ್ಯಾಂಕುಗಳ ಗಿರಾಕಿಗಳು ಒಂದೇ ಏಟಿಗೆ ಪರದಾಡಿದರು. ಹಾಗಾಗಿ ಒಟ್ಟು ಯಂತ್ರಶಾಲೆ ಕಟ್ಟುವವರು ಖರಾಡಿಯ ಸಂಬಳ ಕೊಟ್ಟು ಖರಾಡಿಯವರನ್ನೇ ಕರೆತರಬೇಕು. ಅಗ್ಗಕ್ಕೆ ಮಾಡಿದರೆ 300 ಕಡೆ ಒಮ್ಮೆಗೇ ಮುರಿಯುತ್ತದೆ.

2004ರಿಂದ ಹೊಸ ಪಟ್ಟಣ ಸಹಕಾರಿ ಬ್ಯಾಂಕುಗಳಿಗೆ ಪರವಾನಗಿ ನಿಂತಿತ್ತು. ಅದನ್ನು ಮತ್ತೆ ಕೊಡುವ ಬಗ್ಗೆ ಚರ್ಚಾಪತ್ರ ತರುವುದಾಗಿ ರಿಸರ್ವ್ ಬ್ಯಾಂಕ್ 2025ರ ಅಕ್ಟೋಬರ್‌ನಲ್ಲಿ ಹೇಳಿತು. ಇನ್ನು ಅರ್ಜಿ ಹಾಕುವವರಲ್ಲಿ ಸದಸ್ಯರೆಷ್ಟು, ಷೇರು ಬಂಡವಾಳವೆಷ್ಟು ಎಂದು ಹೇಗೂ ಕೇಳುತ್ತಾರೆ. ಎರಡನೇ ಶನಿವಾರ ಮಧ್ಯಾಹ್ನ ನಿಮ್ಮ ಸ್ವಿಚ್ ಮುಂದೆ ಯಾರು ಕುಳಿತಿರುತ್ತಾರೆ, ಅವರಿಗೆ ಸಂಬಳ ಎಷ್ಟು ಎಂಬ ಎರಡು ಪ್ರಶ್ನೆಗಳನ್ನೂ ಆ ಅರ್ಜಿ ನಮೂನೆಯಲ್ಲಿ ಸೇರಿಸುವುದು ಒಳ್ಳೆಯದು.